ರೈಲು ಇಳಿದವರಿಗೆ ಬಸ್ಸೇಕೆ ಸಿಗುವುದಿಲ್ಲ

ಕಳೆದ ಮಳೆಗಾಲದ ಒಂದು ಸಂಜೆ ಕಡೂರಿನಲ್ಲಿ ರೈಲಿಳಿದೆ. ರೈಲು ಹೇಳಿದ ಹೊತ್ತಿಗೇ ಬಂದಿತ್ತು. ಕೊಡೆ ಬಿಚ್ಚಿ, ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣ ಸೇರುವಷ್ಟರಲ್ಲಿ ಚಿಕ್ಕಮಗಳೂರಿನ ಬಸ್ಸು ಹೊರಟು ಎಂಟು ನಿಮಿಷವಾಗಿತ್ತು. ಅದೂ ತನ್ನ ಹೊತ್ತಿಗೇ ಹೊರಟಿತ್ತು. ಯಾರೂ ತಪ್ಪು ಮಾಡಿರಲಿಲ್ಲವಾದ್ದರಿಂದ ಯಾರನ್ನೂ ಬೈಯುವಂತಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, "ರೈಲಿನ ಹೊತ್ತು ಬಸ್ಸಿನವರಿಗೆ ಯಾಕೆ ಬೇಕು ಸ್ವಾಮಿ? ಪಾಲಾದ ಮನೆ. ಅವರ ಒಲೆ ಅವರಿಗೆ, ಇವರ ಒಲೆ ಇವರಿಗೆ" ಎಂದರು.

ಆ ಮಾತು ಮುಂದಿನ ಬಸ್ಸು ಬರುವವರೆಗೂ ತಲೆಯಲ್ಲಿ ಉಳಿಯಿತು. ಮನೆ ಪಾಲಾದದ್ದು ಯಾವಾಗ? ಒಂದುಗೂಡಿಸಲು ಯಾರಾದರೂ ಯತ್ನಿಸಿದರೇ? ಯತ್ನಿಸಿದವರು ಒಬ್ಬಿಬ್ಬರಲ್ಲ. ಸುಮಾರು ತೊಂಬತ್ತು ವರ್ಷಗಳಿಂದ ಈ ದೇಶದಲ್ಲಿ ಸಮಿತಿಯ ಮೇಲೆ ಸಮಿತಿ ಇದೇ ಕೆಲಸಕ್ಕೆ ಕುಳಿತಿದೆ. ಆ ಚರಿತ್ರೆಯನ್ನು ನೋಡುತ್ತ ಹೋದಂತೆ ನನಗೆ ಒಂದು ವಿಷಯ ಖಚಿತವಾಗುತ್ತ ಬಂತು. ರೈಲಿಗೂ ರಸ್ತೆಗೂ ಹೊಂದಾಣಿಕೆ ಮಾಡಲು ಹೊರಟವರ ಕಣ್ಣು ರೈಲ್ವೆಯ ವರಮಾನದ ಮೇಲಿತ್ತು, ಆಮೇಲೆ ಸರಕಿನ ಮೇಲಿತ್ತು, ತೀರ ಈಚೆಗೆ ಮಹಾನಗರಗಳ ಮೇಲಿದೆ. ಕಡೂರಿನಲ್ಲಿ ಚೀಲ ಹಿಡಿದು ನಿಂತವನು ಅವರ ಲೆಕ್ಕದಲ್ಲಿ ಬಂದದ್ದು ಬಹಳ ಕಡಿಮೆ.

ಮೊದಲು ಸಮನ್ವಯ ಎಂದರೇನೆಂದು ಬಿಡಿಸಿಕೊಳ್ಳಬೇಕು. ಕಡತಗಳಲ್ಲಿ ಸವೆದು ಸವೆದು ಆ ಪದಕ್ಕೆ ಅರ್ಥವೇ ಉಳಿದಿಲ್ಲ. ಪ್ರಯಾಣಿಕನಿಗೆ ಅದು ವೇಳೆಯ ಹೊಂದಾಣಿಕೆ: ರೈಲು ಬಂದ ಹದಿನೈದು ನಿಮಿಷಕ್ಕೆ ಬಸ್ಸು ಹೊರಡಬೇಕು, ಸಾಧ್ಯವಾದರೆ ಒಂದೇ ಟಿಕೆಟ್ ಎರಡಕ್ಕೂ ನಡೆಯಬೇಕು. ಆಡಳಿತಗಾರನಿಗೆ ಅದು ದರದ ಮತ್ತು ತೆರಿಗೆಯ ಪ್ರಶ್ನೆ: ಡೀಸೆಲ್‌ಗೆ, ಟೈರಿಗೆ, ಸೀಟಿಗೆ ಎಷ್ಟು ತೆರಿಗೆ ಹಾಕಿದರೆ ಒಂದು ಇನ್ನೊಂದನ್ನು ನುಂಗುವುದಿಲ್ಲ? ಯೋಜನೆ ಬರೆಯುವವನಿಗೆ ಅದು ಬಂಡವಾಳದ ಪ್ರಶ್ನೆ: ಒಂದೇ ಕಣಿವೆಯಲ್ಲಿ ಹಳಿಯನ್ನೂ ಹಾಕಿ ನಾಲ್ಕು ಪಥದ ರಸ್ತೆಯನ್ನೂ ಮಾಡಬೇಕೇ, ಯಾವುದು ಮೊದಲು? ಈ ಮೂರಕ್ಕೂ ಒಂದೇ ಹೆಸರಿಟ್ಟದ್ದರಿಂದ, ಮೂರನೆಯದನ್ನು ಚರ್ಚಿಸಿದವರು ಮೊದಲನೆಯದನ್ನೂ ಮಾಡಿ ಮುಗಿಸಿದೆವೆಂದು ತಿಳಿದುಕೊಳ್ಳುವುದು ಸಾಧ್ಯವಾಯಿತು.

ಇನ್ನು ಪಾಲುಪಟ್ಟಿ. ಸಂವಿಧಾನದ ಏಳನೆಯ ಅನುಸೂಚಿಯನ್ನು ಹಾಗೆ ಕರೆದರೆ ತಪ್ಪಾಗಲಾರದು. ರೈಲ್ವೆ ಕೇಂದ್ರದ ಪಟ್ಟಿಯಲ್ಲಿದೆ. ರಾಷ್ಟ್ರೀಯ ಹೆದ್ದಾರಿಯೂ ಅಲ್ಲೇ. ಉಳಿದ ರಸ್ತೆಗಳು ರಾಜ್ಯದ ಪಾಲು. ವಾಹನದ ಮೇಲೆ, ರಸ್ತೆಯಲ್ಲಿ ಹೋಗುವ ಪ್ರಯಾಣಿಕರ ಮತ್ತು ಸರಕಿನ ಮೇಲೆ ತೆರಿಗೆ ಹಾಕುವ ಹಕ್ಕೂ ರಾಜ್ಯದ್ದೇ. ಮೋಟಾರು ವಾಹನ ಮಾತ್ರ ಇಬ್ಬರೂ ಕೈಯಿಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ಅಣ್ಣತಮ್ಮಂದಿರು ಗದ್ದೆ, ತೋಟ, ಕಣಗಳನ್ನೆಲ್ಲ ಹಂಚಿಕೊಂಡು ಕಾಲುದಾರಿ ಯಾರದೆಂದು ಬರೆಯದೆ ಬಿಟ್ಟ ಹಾಗೆ, ಒಂದು ವಾಹನದಿಂದ ಇಳಿದು ಇನ್ನೊಂದನ್ನು ಹತ್ತುವ ಜಾಗ ಈ ಪಟ್ಟಿಯಲ್ಲಿ ಯಾರದೂ ಅಲ್ಲ.

ಹಾಸನದಿಂದ ಮಂಗಳೂರಿಗೆ ಹೊರಟವರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅವರು ಬಸ್ಸು ಹತ್ತಿದರೆ ಅದನ್ನು ಓಡಿಸುವ ನಿಗಮ ರಾಜ್ಯದ್ದು, ಬಸ್ಸಿನ ಕೆಳಗಿನ 75ನೆಯ ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ರೈಲು ಹತ್ತಿದರೆ ವೇಳಾಪಟ್ಟಿ ನೈರುತ್ಯ ರೈಲ್ವೆಯದು. ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ, ವಿಭಾಗ ಮೈಸೂರಿನಲ್ಲಿ. ನಿಲ್ದಾಣದಿಂದ ಮನೆಗೆ ಹೋಗುವ ಆಟೋದ ದರ ನಿಗದಿ ಮಾಡುವುದು ಜಿಲ್ಲೆಯ ಸಾರಿಗೆ ಪ್ರಾಧಿಕಾರ. ಒಂದು ಪ್ರಯಾಣಕ್ಕೆ ಇಷ್ಟು ಯಜಮಾನರು.

ಈ ಯಜಮಾನರ ನಡುವಿನ ಜಗಳ ಸಂವಿಧಾನಕ್ಕಿಂತ ಹಳೆಯದು. ಮೊದಲ ಮಹಾಯುದ್ಧದ ನಂತರ ಲಾರಿ, ಬಸ್ಸುಗಳು ಹೆಚ್ಚಿದವು. ಆಗಿನ ಬಸ್ಸಿನ ವ್ಯಾಪಾರಕ್ಕೆ ದೊಡ್ಡ ಬಂಡವಾಳ ಬೇಕಿರಲಿಲ್ಲ; ಒಂದು ಗಾಡಿ, ಒಬ್ಬ ಚಾಲಕ, ಕೂಗಿ ಕರೆಯುವ ಒಬ್ಬ ಹುಡುಗ ಇದ್ದರೆ ಸಾಕಿತ್ತು. ಅವರು ಜನ ಸಿಗುವ ಕಡೆ ಓಡಿಸಿದರು, ಜನ ಸಿಗುತ್ತಿದ್ದುದು ರೈಲು ಹಳಿಯ ಪಕ್ಕದ ರಸ್ತೆಯಲ್ಲಿ. 1929ರ ನಂತರದ ಆರ್ಥಿಕ ಕುಸಿತದಲ್ಲಿ ರೈಲ್ವೆಯ ವರಮಾನ ಬಿದ್ದಾಗ ಸರ್ಕಾರಕ್ಕೆ ದಿಗಿಲಾಯಿತು. ರೈಲ್ವೆಯಲ್ಲಿ ತೊಡಗಿಸಿದ ಹಣ ಸರ್ಕಾರದ್ದೇ ಆಗಿತ್ತು. 1924ರಿಂದ ರೈಲ್ವೆಗೆ ಬೇರೆಯೇ ಬಜೆಟ್ ಇದ್ದು, ಅದರಿಂದ ಖಜಾನೆಗೆ ಪಾಲು ಬರಬೇಕಾಗಿತ್ತು.

1932ರಲ್ಲಿ ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳನ್ನು ರಸ್ತೆ-ರೈಲು ಪೈಪೋಟಿಯ ಅಧ್ಯಯನಕ್ಕೆ ನೇಮಿಸಿದರು. ಒಬ್ಬರು ರಸ್ತೆಯ ಕಡೆಯವರು, ಇನ್ನೊಬ್ಬರು ರೈಲಿನ ಕಡೆಯವರು. ಅವರ ವರದಿಯ ಬೆನ್ನಿಗೆ 1933ರಲ್ಲಿ ಶಿಮ್ಲಾದಲ್ಲಿ ರಸ್ತೆ-ರೈಲು ಸಮ್ಮೇಳನ ನಡೆಯಿತು. ಅದೇ ವರ್ಷ ರೈಲ್ವೆಗಳು ತಾವೇ ಬಸ್ಸು ಓಡಿಸಬಹುದೆಂಬ ತಿದ್ದುಪಡಿ ಬಂತು. 1935ರಲ್ಲಿ ಸಾರಿಗೆ ಸಲಹಾ ಮಂಡಳಿ ಹುಟ್ಟಿತು. ಸರ್ ರಾಲ್ಫ್ ವೆಜ್‌ವುಡ್ ಅವರ ಸಮಿತಿ 1937ರಲ್ಲಿ ವರದಿ ಕೊಟ್ಟು, ರಸ್ತೆ ಸಾರಿಗೆಗೆ ಬಿಗಿಯಾದ ಕಡಿವಾಣ ಬೇಕೆಂದಿತು. ಇದೆಲ್ಲದರ ಫಲ 1939ರ ಮೋಟಾರು ವಾಹನ ಕಾಯಿದೆ. ಇಂದು ಬಸ್ಸಿನ ಮುಂದೆ ಅಂಟಿಸಿರುವ ಪರ್ಮಿಟ್ಟಿನ ಹಿಂದೆ ಇರುವ ತರ್ಕವೆಲ್ಲ ಅಲ್ಲಿಂದಲೇ ಬಂದದ್ದು. ಯಾವ ಮಾರ್ಗ, ಎಷ್ಟು ಟ್ರಿಪ್, ಎಷ್ಟು ಹೊತ್ತಿಗೆ ಎನ್ನುವುದನ್ನು ಪ್ರಾಧಿಕಾರ ಹೇಳಬೇಕು; ಹೇಳುವಾಗ ರಸ್ತೆ ಮತ್ತು ರೈಲು ಸಾರಿಗೆಯ ಸಮನ್ವಯವನ್ನು ರಾಜ್ಯ ಸರ್ಕಾರ ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎಂದು ಆ ಕಾಯಿದೆಯ 43ನೆಯ ಕಲಮು ಹೇಳಿತು.

ಓದಲು ಚೆನ್ನಾಗಿದೆ. ಆದರೆ ಆಗ ಸಮನ್ವಯವೆಂದರೆ ರೈಲಿನ ಪಕ್ಕದಲ್ಲಿ ಬಸ್ಸು ಓಡದಂತೆ ತಡೆಯುವುದು. ಬಸ್ಸು ರೈಲಿನವರೆಗೆ ಜನರನ್ನು ತಂದುಬಿಡಲಿ ಎಂಬ ಮಾತು ಇರಲಿಲ್ಲವೆಂದಲ್ಲ, ಇತ್ತು. ಆದರೆ ಪರ್ಮಿಟ್ ಕೊಡದಿರುವುದು ಸುಲಭ, ವೇಳೆ ಹೊಂದಿಸುವುದು ಕಷ್ಟ. ಸರ್ಕಾರಗಳು ಸುಲಭದ್ದನ್ನು ಮಾಡಿದವು.

ಇಲ್ಲಿ ನಮ್ಮ ಸೀಮೆಯ ಒಂದು ಸ್ವಾರಸ್ಯವನ್ನು ಹೇಳಲೇಬೇಕು. ಮೈಸೂರು–ಹಾಸನ–ಅರಸೀಕೆರೆ ಮಾರ್ಗ ಬ್ರಿಟಿಷ್ ಕಂಪನಿಯ ಕೃಪೆಯಲ್ಲ. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಸಂಸ್ಥಾನವೇ ಹಾಕಿಸಿದ ಮೀಟರ್‌ಗೇಜ್ ಹಳಿ ಅದು, 1918ರ ಹೊತ್ತಿಗೆ ರೈಲು ಓಡುತ್ತಿತ್ತು. ಮುಂದೆ 1948ರ ಸೆಪ್ಟೆಂಬರ್ 12ರಂದು ಅದೇ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು ತೆರೆಯಿತು. 1950ರ ಏಪ್ರಿಲ್‌ನಲ್ಲಿ ಸಂಸ್ಥಾನಗಳ ರೈಲ್ವೆಗಳು ಕೇಂದ್ರದ ವಶಕ್ಕೆ ಹೋದವು. ಮರುವರ್ಷ ಮೈಸೂರು ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಅಂದರೆ ಸುಮಾರು ಒಂದೂವರೆ ವರ್ಷ, ಕಾಗದದ ಮೇಲಾದರೂ, ಮೈಸೂರಿನಲ್ಲಿ ರೈಲಿಗೂ ಸರ್ಕಾರಿ ಬಸ್ಸಿಗೂ ಒಬ್ಬನೇ ಧಣಿ. ಆ ಅವಧಿಯಲ್ಲಿ ಏನಾದರೂ ಮಹತ್ತಾದದ್ದು ನಡೆಯಿತೆಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಛಾವಣಿಯ ಅವಕಾಶ ನಮಗೆ ಒಮ್ಮೆ ಇತ್ತು. ಅದು ಹೋದದ್ದು ದೇಶ ಕಟ್ಟುವ ಇನ್ನೊಂದು ದೊಡ್ಡ ಕೆಲಸದ ನಡುವೆ, ಯಾರ ಗಮನಕ್ಕೂ ಬಾರದೆ.

ಆ ಬಿರುಕನ್ನು ಮುಚ್ಚುವ ಮೊದಲ ಯತ್ನ 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆ. ಅದರ ಉಪಾಯ ಜಾಣತನದ್ದು. ರಾಜ್ಯಗಳು ನಿಗಮ ಕಟ್ಟಲಿ, ಬಂಡವಾಳದಲ್ಲಿ ರೈಲ್ವೆಯೂ ಪಾಲು ಹಾಕಲಿ. ಸಾಮಾನ್ಯವಾಗಿ ರಾಜ್ಯ ಎರಡು ಪಾಲು ಹಾಕಿದರೆ ಕೇಂದ್ರ ರೈಲ್ವೆಯ ಮೂಲಕ ಒಂದು ಪಾಲು ಹಾಕುತ್ತಿತ್ತು. ಹಣ ಹಾಕಿದವನಿಗೆ ಮಂಡಳಿಯಲ್ಲಿ ಕುರ್ಚಿ, ಕುರ್ಚಿ ಇದ್ದರೆ ಮಾತು, ಮಾತಿದ್ದರೆ ಹೊಂದಾಣಿಕೆ ಎಂಬ ಲೆಕ್ಕ. ನಮ್ಮಲ್ಲಿ ಇಲಾಖೆಯು 1961ರ ಆಗಸ್ಟ್ 1ರಂದು ನಿಗಮವಾಯಿತು. ರಾಜ್ಯದ ಹೆಸರು ಬದಲಾದ ಮೇಲೆ ಅದೇ ಕೆಎಸ್‌ಆರ್‌ಟಿಸಿ. ಕಾಯಿದೆಯ 18ನೆಯ ಕಲಮು ನಿಗಮದ ಕರ್ತವ್ಯವನ್ನು ಹೇಳುವಾಗ ದಕ್ಷತೆ, ಮಿತವ್ಯಯದ ಜೊತೆಗೆ ಸರಿಯಾಗಿ ಸಮನ್ವಯಗೊಂಡ ವ್ಯವಸ್ಥೆ ಎಂಬ ಮಾತನ್ನೂ ಸೇರಿಸಿತು. ಆದರೆ ಅದು ಹೇಳಿದ್ದು ರಸ್ತೆ ಸಾರಿಗೆಯ ವ್ಯವಸ್ಥೆ ಎಂದು. ಬಸ್ಸು ಬಸ್ಸಿನ ನಡುವೆ ಹೊಂದಾಣಿಕೆ ಇರಬೇಕು. ರೈಲಿನ ಮಾತು ಆ ವಾಕ್ಯದಲ್ಲಿ ಇಲ್ಲ.

ಆಮೇಲಿನ ಇಪ್ಪತ್ತೈದು ವರ್ಷ ಶಕ್ತಿಯೆಲ್ಲ ಬೇರೊಂದು ಜಗಳಕ್ಕೆ ಹೋಯಿತು: ಸರ್ಕಾರಿ ಬಸ್ಸು ಬೇಕೋ, ಖಾಸಗಿ ಬಸ್ಸು ಬೇಕೋ? 1956ರ ತಿದ್ದುಪಡಿ ಮಾರ್ಗಗಳನ್ನು ರಾಷ್ಟ್ರೀಕರಿಸಲು ರಾಜ್ಯಗಳಿಗೆ ದಾರಿ ಮಾಡಿತು. ಕರ್ನಾಟಕ ಇನ್ನೂ ಮುಂದೆ ಹೋಗಿ 1976ರಲ್ಲಿ ಕಾಂಟ್ರ್ಯಾಕ್ಟ್ ಕ್ಯಾರೇಜ್, ಅಂದರೆ ಇಡೀ ಗಾಡಿಯನ್ನೇ ಬಾಡಿಗೆಗೆ ಕೊಡುವ ಖಾಸಗಿ ಬಸ್ಸುಗಳನ್ನೇ ವಶಪಡಿಸಿಕೊಳ್ಳುವ ಕಾನೂನು ತಂದಿತು. ಮರುವರ್ಷ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಬಸ್ಸಿನ ಮಾಲೀಕ ಯಾರೆಂಬ ಪ್ರಶ್ನೆಗೆ ನ್ಯಾಯಾಲಯದಲ್ಲಿ ಸವೆದ ಕಾಗದದ ನೂರರಲ್ಲಿ ಒಂದು ಭಾಗವೂ ಬಸ್ಸಿನ ವೇಳೆ ಯಾವುದೆಂಬ ಪ್ರಶ್ನೆಗೆ ಸವೆದಿರಲಾರದು.

ದೆಹಲಿಯಲ್ಲಿ ಸಮಿತಿಗಳು ಮುಂದುವರಿದವು. 1959ರಲ್ಲಿ ಕೆ.ಸಿ. ನಿಯೋಗಿ ಅವರ ಅಧ್ಯಕ್ಷತೆಯಲ್ಲಿ ಸಾರಿಗೆ ನೀತಿ ಮತ್ತು ಸಮನ್ವಯ ಸಮಿತಿ ಕುಳಿತಿತು. 1961ರಲ್ಲಿ ಪ್ರಾಥಮಿಕ ವರದಿ ಬಂತು. ಅಂತಿಮ ವರದಿ ಬಂದದ್ದು 1966ರಲ್ಲಿ, ಅಷ್ಟರಲ್ಲಿ ಅಧ್ಯಕ್ಷರೇ ಬದಲಾಗಿ ತರ್ಲೋಕ್ ಸಿಂಗ್ ಬಂದಿದ್ದರು. 1978ರಲ್ಲಿ ಬಿ.ಡಿ. ಪಾಂಡೆ ಅವರ ರಾಷ್ಟ್ರೀಯ ಸಾರಿಗೆ ನೀತಿ ಸಮಿತಿ ನೇಮಕವಾಗಿ 1980ರಲ್ಲಿ ವರದಿ ಕೊಟ್ಟಿತು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ಬಿಸಿ ಆರಿರಲಿಲ್ಲವಾದ್ದರಿಂದ ಅದು ಇಂಧನದ ದೃಷ್ಟಿಯಿಂದ ಯೋಚಿಸಿತು: ದೂರದ ಭಾರದ ಸರಕು ರೈಲಿಗೆ, ಹತ್ತಿರದ್ದು ರಸ್ತೆಗೆ. ಎರಡೂ ಘನವಾದ ವರದಿಗಳು. ಕಲ್ಲಿದ್ದಲು, ಅದಿರು, ಸಿಮೆಂಟ್ ಎಲ್ಲಿಂದ ಎಲ್ಲಿಗೆ ಹೇಗೆ ಹೋಗಬೇಕೆಂದು ಇವುಗಳಿಗೆ ಇದ್ದ ಕಾಳಜಿಯಲ್ಲಿ ಒಂದು ಚೂರು ಪ್ರಯಾಣಿಕನ ಪಾಲಿಗೂ ಬಿದ್ದಿದ್ದರೆ ಎಂದು ಅನ್ನಿಸದಿರದು. ಆದರೆ ಅವರನ್ನು ದೂರುವಂತಿಲ್ಲ. ಬರ, ಯುದ್ಧ, ವಿದೇಶಿ ವಿನಿಮಯದ ಕೊರತೆ ಇದ್ದ ದೇಶದಲ್ಲಿ ಕಲ್ಲಿದ್ದಲು ಹೊತ್ತಿಗೆ ಸರಿಯಾಗಿ ಬರದಿದ್ದರೆ ಕಾರ್ಖಾನೆ ನಿಲ್ಲುತ್ತಿತ್ತು. ಪ್ರಯಾಣಿಕ ಕಾಯುತ್ತಾನೆ, ಅವನು ಯಾವಾಗಲೂ ಕಾದಿದ್ದಾನೆ.

ಒಮ್ಮೆ ಮಾತ್ರ ಎಲ್ಲವೂ ಒಂದಾದಂತೆ ಕಂಡಿತು. 1985ರ ಸೆಪ್ಟೆಂಬರ್‌ನಲ್ಲಿ ರೈಲು, ವಿಮಾನ, ಭೂಸಾರಿಗೆಗಳನ್ನು ಮೂರು ಇಲಾಖೆಗಳಾಗಿಸಿ ಒಂದೇ ಸಾರಿಗೆ ಸಚಿವಾಲಯದ ಕೆಳಗೆ ತಂದರು. 1986ರ ಅಕ್ಟೋಬರ್ ಹೊತ್ತಿಗೆ ಅದು ಒಡೆದು ಭೂಸಾರಿಗೆ ಮತ್ತೆ ಬೇರೆ ಸಚಿವಾಲಯವಾಯಿತು. ಕೂಡು ಕುಟುಂಬ ಬಾಳಿದ್ದು ಹದಿಮೂರು ತಿಂಗಳು. ಅದೇ 1986ರಲ್ಲಿ ನಗರ ಸಾರಿಗೆಯ ಹೊಣೆಯನ್ನು ನಗರಾಭಿವೃದ್ಧಿ ಸಚಿವಾಲಯಕ್ಕೆ ಕೊಟ್ಟರು. 2000ದಲ್ಲಿ ಹಡಗು ಒಂದು ಕಡೆ, ರಸ್ತೆ ಇನ್ನೊಂದು ಕಡೆ ಹೋದವು. ಬೇರೆಯಾಗುವುದೆಲ್ಲ ಕೆಟ್ಟದ್ದೆಂದು ಹೇಳಲಾಗದು. 2013ರ ನವೆಂಬರ್‌ನಲ್ಲಿ ಕಡೂರು–ಚಿಕ್ಕಮಗಳೂರು ಹಳಿಯ ಮೇಲೆ ಮೊದಲ ರೈಲು ಬಂದಾಗ ಊರಿಗೆ ಊರೇ ನೋಡಲು ಹೋಯಿತಲ್ಲ, ಅಂಥ ಹೊಸ ಮಾರ್ಗವನ್ನು ಪರೀಕ್ಷಿಸಿ ಅನುಮತಿ ಕೊಡುವ ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಸಚಿವಾಲಯದವರಲ್ಲ, ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು. ಹಳಿ ಹಾಕಿದವರ ಮಾತಿಗೆ ತಲೆಬಾಗಬಾರದೆಂದೇ ಆ ಏರ್ಪಾಡು. ಕೆಲವು ಗೋಡೆಗಳನ್ನು ತಿಳಿದೇ ಕಟ್ಟುತ್ತಾರೆ.

ತಿಳಿಯದೆ ಎದ್ದ ಗೋಡೆಯಿಂದ ಏನಾಗುತ್ತದೆ ಎಂಬುದಕ್ಕೆ ಶಿರಾಡಿ ಘಾಟಿಯಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿ ಹದಿನೈದು ವರ್ಷದ ಕೆಲಸದ ನಂತರ 1979ರಲ್ಲಿ ಮುಗಿಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಐವತ್ತು ಅಡಿ ಸಾಗಿದರೆ ಒಂದಡಿ ಏರುವ ಕಡಿದಾದ ದಾರಿ. ಪ್ರಯಾಣಿಕರ ರೈಲು ಬಂದದ್ದು 1983ರಲ್ಲಿ. ಹದಿಮೂರು ವರ್ಷ ಓಡಿದ ಮೇಲೆ, 1996ರಲ್ಲಿ, ಹಳಿಯನ್ನು ಅಗಲಿಸಿ ಬ್ರಾಡ್‌ಗೇಜ್ ಮಾಡಲೆಂದು ಮುಚ್ಚಿದರು. ಮತ್ತೆ ಪ್ರಯಾಣಿಕರ ರೈಲು ಹತ್ತಿದ್ದು 2007ರ ಡಿಸೆಂಬರ್‌ನಲ್ಲಿ.

ಆ ಹನ್ನೊಂದು ವರ್ಷ ಏನಾಯಿತು? ಸಕಲೇಶಪುರದ ಹೆದ್ದಾರಿಯ ಬದಿಯಲ್ಲಿ ಆ ಕಾಲದಲ್ಲಿ ಅಂಗಡಿ ಇಟ್ಟಿದ್ದವರನ್ನು ಕೇಳಿ. ಎರಡು ಸಾವಿರದ ಮೊದಲ ವರ್ಷಗಳಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಬಂದು, ಬಳ್ಳಾರಿ ಕಡೆಯ ಅದಿರು ಮಂಗಳೂರು ಬಂದರಿಗೆ ಹೊರಟಿತು. ಹಳಿ ಮುಚ್ಚಿತ್ತು. ಅದಿರು ಲಾರಿಗೇರಿತು. ಲಾರಿಗಳ ಸಾಲಿನಡಿ ಘಾಟಿಯ ರಸ್ತೆ ಹೊಂಡವಾಯಿತು, ಮಳೆಗಾಲದಲ್ಲಿ ಹೊಂಡ ಕೆರೆಯಾಯಿತು. ಬಸ್ಸುಗಳ ಎಲೆ ಸ್ಪ್ರಿಂಗು ಮುರಿದವು, ಪ್ರಯಾಣದ ಹೊತ್ತು ಏರಿತು. ಹಳಿಯ ಹಣ ತಡವಾದದ್ದರ ಬಡ್ಡಿಯನ್ನು ರಸ್ತೆ ಕಟ್ಟಿತು, ರಸ್ತೆಯ ಬಡ್ಡಿಯನ್ನು ಬಸ್ಸು ಕಟ್ಟಿತು, ಬಸ್ಸಿನದನ್ನು ಸೊಂಟ ನೋವಿನ ರೂಪದಲ್ಲಿ ನಾವು ಕಟ್ಟಿದೆವು. ಆದರೆ ಯಾವ ಒಂದು ಕಚೇರಿಯ ಲೆಕ್ಕದ ಪುಸ್ತಕದಲ್ಲೂ ಈ ನಷ್ಟ ಒಟ್ಟಾಗಿ ಬರೆದಿಲ್ಲ. ಮೂರು ಪುಸ್ತಕಗಳಲ್ಲಿ ಮೂರು ಸಣ್ಣ ನಷ್ಟಗಳಾಗಿ ಹಂಚಿಹೋಗಿದೆ. ಸಮನ್ವಯವಿಲ್ಲದಿರುವುದರ ನಿಜವಾದ ಬೆಲೆ ಹೀಗೆ ಅಡಗಿಕೊಳ್ಳುತ್ತದೆ.

ಕೊನೆಗೆ ಗಂಟು ಬಿಚ್ಚಿದ್ದೂ ಒಂದು ಜಂಟಿ ಏರ್ಪಾಡೇ. 2003ರಲ್ಲಿ ರೈಲ್ವೆ ಸಚಿವಾಲಯ, ಕರ್ನಾಟಕ ಸರ್ಕಾರ ಸೇರಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿಯನ್ನು ಹುಟ್ಟುಹಾಕಿದವು. ಕೇಂದ್ರ, ರಾಜ್ಯಗಳು ಒಂದೇ ಮೇಜಿಗೆ ಕುಳಿತರೆ ಕೆಲಸ ಆಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ. ಆದರೂ ನೋಡಿ: 2006ರಲ್ಲಿ ಸರಕಿನ ಗಾಡಿ ಓಡತೊಡಗಿತು, ಜನರ ಗಾಡಿಗೆ ಇನ್ನೂ ಒಂದೂವರೆ ವರ್ಷ ಬೇಕಾಯಿತು. ಕಂಪನಿಯ ಹಣ ಹಿಂತಿರುಗಬೇಕಾದದ್ದು ಅದಿರಿನಿಂದ, ನನ್ನ ನಿಮ್ಮ ಟಿಕೆಟ್ಟಿನಿಂದಲ್ಲ. ಇನ್ನು 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆಯೂ ಹಳಿಯೂ ಒಟ್ಟಿಗೇ ಮುಚ್ಚಿದವು. ಆ ಒಂದು ವಿಷಯದಲ್ಲಿ ಮಾತ್ರ ಎರಡಕ್ಕೂ ಪೂರ್ಣ ಹೊಂದಾಣಿಕೆ.

ಘಾಟಿಯ ಈ ಬದಿಯಿಂದ ಮಲೆನಾಡಿನ ಒಳಕ್ಕೆ, ಕೊಪ್ಪದ ಕಡೆಗೆ ಬಂದರೆ ಕತೆ ಬೇರೆ. ಅಲ್ಲಿ ರೈಲೇ ಇಲ್ಲ. ಸಮನ್ವಯ ಬೇಕಾದದ್ದು ಸರ್ಕಾರಿ, ಖಾಸಗಿ ಎಂಬ ಎರಡು ಪೆಟ್ಟಿಗೆಗಳ ನಡುವೆ. ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಹಳೆಯ ಬಸ್ ಕಂಪನಿ ನಿಂತಾಗ ಅದರ ಕಾರ್ಮಿಕರು ಚದುರಿಹೋಗಲಿಲ್ಲ. 1991ರಲ್ಲಿ ತಾವೇ ಒಂದು ಸಹಕಾರ ಸಂಘ ಕಟ್ಟಿ, ತಾವೇ ಮಾಲೀಕರಾಗಿ, ತಾವೇ ಚಾಲಕರಾಗಿ ಬಸ್ಸು ಓಡಿಸಿದರು. ಸಹಕಾರ ಸಾರಿಗೆ ಎಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಂದಿಗೆ ಬಸ್ಸಿನ ಹೆಸರಿಗಿಂತ ಹೆಚ್ಚು, ಮನೆಯ ಮಾತಾಗಿತ್ತು. ಶಾಲೆಯ ಮಕ್ಕಳಿಗೆ ರಿಯಾಯಿತಿ, ಸಂಜೆ ಹೋಗಿ ಹಳ್ಳಿಯಲ್ಲೇ ತಂಗಿ ಬೆಳಿಗ್ಗೆ ಹಾಲಿನ ಕ್ಯಾನಿನೊಂದಿಗೆ ಹೊರಡುವ ಹಾಲ್ಟ್ ಬಸ್ಸು. ಅದು ಸುತ್ತಲಿನ ಜಿಲ್ಲೆಗಳಿಗೂ ಹಬ್ಬಿತು.

ಹಳೆಯ ಮೋಟಾರು ವಾಹನ ಕಾಯಿದೆಯಲ್ಲಿ, ಉಳಿದ ಅರ್ಹತೆ ಸಮನಾಗಿದ್ದರೆ ಒಬ್ಬಂಟಿ ಮಾಲೀಕರಿಗಿಂತ ಸಹಕಾರ ಸಂಘಕ್ಕೆ ಪರ್ಮಿಟ್ ಕೊಡುವಾಗ ಆದ್ಯತೆ ಇರಬೇಕೆಂಬ ಮಾತಿತ್ತು. ಪರ್ಮಿಟ್ಟಿಗೆ ಆದ್ಯತೆ ಇತ್ತು. ಡೀಸೆಲ್, ವಿಮೆ, ತೆರಿಗೆಗಳ ಲೆಕ್ಕಕ್ಕೆ ಬಂದಾಗ ಅದು ಮತ್ತೊಂದು ಖಾಸಗಿ ಬಸ್ಸು. ನಷ್ಟದ ಹಳ್ಳಿಗೆ ಬಸ್ಸು ಕಳಿಸಿದ್ದಕ್ಕೆ ಸರ್ಕಾರಿ ನಿಗಮವಾದರೆ ಸರ್ಕಾರದ ಬಾಗಿಲು ತಟ್ಟಬಹುದು, ಸಹಕಾರ ಸಂಘ ಯಾರ ಬಾಗಿಲು ತಟ್ಟಬೇಕು? 2020ರ ಫೆಬ್ರವರಿಯಲ್ಲಿ ಅದರ ಬಸ್ಸುಗಳು ನಿಂತವು. ರಾಷ್ಟ್ರೀಯ ನೀತಿಯ ವರದಿಗಳಲ್ಲಿ ಇಂಥ ಸಂಸ್ಥೆಗೆ ಒಂದು ಅಧ್ಯಾಯ ಇರಬೇಕಿತ್ತೆಂದು ನನ್ನ ಅಭಿಪ್ರಾಯ. ಸರ್ಕಾರ, ಖಾಸಗಿ ಎಂಬ ಎರಡೇ ಖಾನೆಯ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಅದೇ ಖಾನೆಗಳ ತೊಡಕು 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಲೂ ಕಂಡಿತು. ಹೆಂಗಸರಿಗೆ ಬಸ್ ಪ್ರಯಾಣ ಉಚಿತ, ಆದರೆ ನಿಗಮದ ಬಸ್ಸಿನಲ್ಲಿ. ಹಾಸನದ ಸುತ್ತಮುತ್ತ ನಿಗಮದ ಕೆಂಪು ಬಸ್ಸು ಹೆಚ್ಚು, ಹಾಗಾಗಿ ಅಲ್ಲಿಯ ಹೆಣ್ಣುಮಕ್ಕಳಿಗೆ ಅದು ನಿಜವಾದ ಬಿಡುಗಡೆ. ಖಾಸಗಿ ಬಸ್ಸನ್ನೇ ನಂಬಿದ ಮಲೆನಾಡಿನ ಒಳ ಹಳ್ಳಿಗಳಲ್ಲಿ ಅದೇ ರಾಜ್ಯದ ಹೆಂಗಸು ಟಿಕೆಟ್ ಕೊಂಡೇ ಹೋಗಬೇಕು. ಯೋಜನೆಯನ್ನು ನಾನು ಮೆಚ್ಚುತ್ತೇನೆ. ಅದು ಪ್ರಯಾಣಿಕಳಿಗೆ ಸಲ್ಲುವ ಬದಲು ಬಸ್ಸಿನ ಬಣ್ಣಕ್ಕೆ ಸಲ್ಲುವುದನ್ನು ಮೆಚ್ಚುವುದು ಕಷ್ಟ.

ಈಚಿನ ವರ್ಷಗಳಲ್ಲಿ ಪ್ರಯಾಣಿಕನ ಹೆಸರೂ ನೀತಿಪತ್ರಗಳಲ್ಲಿ ಕಾಣಿಸುತ್ತದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳು ಒಂದೇ ಮಾತು: ವಾಹನಗಳನ್ನಲ್ಲ, ಜನರನ್ನು ಸಾಗಿಸಿ. ದೊಡ್ಡ ನಗರಗಳಲ್ಲಿ ಎಲ್ಲ ಸಾರಿಗೆಗೂ ಒಂದೇ ಪ್ರಾಧಿಕಾರ ಇರಲಿ ಎಂದೂ ಅದು ಹೇಳಿತು. 2017ರ ಮೆಟ್ರೊ ನೀತಿ ಅದನ್ನೇ ಒತ್ತಿತು, ಬೆಂಗಳೂರಿಗೆ ಅಂಥ ಒಂದು ಕಾನೂನೂ ಆಗಿದೆ. ಆದರೆ ಹೆಸರೇ ಹೇಳುವಂತೆ ಅದು ನಗರದ ನೀತಿ. 2023ರಲ್ಲಿ ಕೇಂದ್ರ ಪ್ರಕಟಿಸಿದ ಹತ್ತು ಸಾವಿರ ವಿದ್ಯುತ್ ಬಸ್ಸುಗಳ ಯೋಜನೆಯೂ ಸಾಮಾನ್ಯವಾಗಿ ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ. 2011ರ ಜನಗಣತಿಯಂತೆ ಹಾಸನವೂ ಚಿಕ್ಕಮಗಳೂರೂ ಆ ಗೆರೆಯ ಕೆಳಗಿವೆ. ಹಳ್ಳಿಗೆ, ಜಿಲ್ಲಾ ಕೇಂದ್ರಕ್ಕೆ, ನಡುವಿನ ತಾಲ್ಲೂಕಿಗೆ ಇದಕ್ಕೆ ಸಾಟಿಯಾದ ಸಾರಿಗೆ ನೀತಿಯೊಂದಿಲ್ಲ.

ದೇಶದ ಮಟ್ಟದಲ್ಲಿ ಕೊನೆಯ ದೊಡ್ಡ ಯತ್ನ ರಾಕೇಶ್ ಮೋಹನ್ ಅವರ ಸಮಿತಿಯದು. 2010ರಲ್ಲಿ ನೇಮಕವಾಗಿ, 2014ರಲ್ಲಿ ಹಲವು ಸಂಪುಟಗಳ ವರದಿ ಕೊಟ್ಟು, ಎಲ್ಲ ಸಾರಿಗೆಗೂ ಒಂದೇ ಸಚಿವಾಲಯ ಇರಲಿ ಎಂದು ಶಿಫಾರಸು ಮಾಡಿತು. ಸಚಿವಾಲಯಗಳು ಒಂದಾಗಲಿಲ್ಲ. 2017ರಲ್ಲಿ ರೈಲ್ವೆ ಬಜೆಟ್ಟನ್ನು ಸಾಮಾನ್ಯ ಬಜೆಟ್ಟಿನಲ್ಲಿ ಸೇರಿಸಿದರು. 2021ರ ಗತಿಶಕ್ತಿ ಯೋಜನೆ ಹೆದ್ದಾರಿ, ಹಳಿ, ಬಂದರುಗಳ ನಕ್ಷೆಗಳನ್ನು ಒಂದೇ ಪರದೆಯ ಮೇಲೆ ತಂದಿತು. ಒಬ್ಬರು ಹಾಕಿದ ರಸ್ತೆಯನ್ನು ಇನ್ನೊಬ್ಬರು ಅಗೆಯುವುದು ಇದರಿಂದ ತಪ್ಪಿದರೆ ಒಳ್ಳೆಯದೇ. ಆದರೂ ಅದರ ಕಣ್ಣು ಬಹುಪಾಲು ಸರಕಿನ ಸಾಗಣೆಯ ವೆಚ್ಚದ ಮೇಲೆ.

ಒಂದು ಸಚಿವಾಲಯದ ಎಡಗೈ ಇನ್ನೊಂದರ ಬಲಗೈಯನ್ನು ತಿಳಿಯದೆ ಹಿಡಿದು ತಿರುಚುವುದೂ ನಡೆಯುತ್ತಲೇ ಇದೆ. 2013ರ ಜನವರಿಯಲ್ಲಿ ಸಗಟು ಗ್ರಾಹಕರಿಗೆ ಡೀಸೆಲ್ ಸಹಾಯಧನ ತೆಗೆದರು. ಸಗಟು ಗ್ರಾಹಕರೆಂದರೆ ದೊಡ್ಡ ಕಾರ್ಖಾನೆ ಎಂದು ತೈಲ ಇಲಾಖೆ ಎಣಿಸಿರಬೇಕು. ದಿನಕ್ಕೆ ಲಕ್ಷಾಂತರ ಲೀಟರ್ ಕೊಳ್ಳುವ ಸಾರಿಗೆ ನಿಗಮಗಳೂ ಅದೇ ಪಟ್ಟಿಯಲ್ಲಿದ್ದವು. ಕಾರಿನವನಿಗಿಂತ ಬಸ್ಸಿಗೆ ಡೀಸೆಲ್ ದುಬಾರಿಯಾಯಿತು. ಡಿಪೋದಲ್ಲಿ ಸ್ವಂತ ಬಂಕ್ ಇಟ್ಟುಕೊಂಡಿದ್ದ ನಿಗಮಗಳು ಹಲವು ರಾಜ್ಯಗಳಲ್ಲಿ ತಮ್ಮ ಬಸ್ಸುಗಳನ್ನು ಊರಿನ ಪೆಟ್ರೋಲ್ ಬಂಕಿನ ಮುಂದೆ ಸಾಲು ನಿಲ್ಲಿಸಿದವು.

ಹಾಗಾದರೆ ಕಡೂರಿನ ಎಂಟು ನಿಮಿಷಕ್ಕೆ ದೆಹಲಿಯ ಒಂದೇ ಸಚಿವಾಲಯ ಬೇಕೇ? ಬೇಕಿಲ್ಲವೆಂದು ನನಗೆ ತೋರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1982ರಿಂದ ರೈಲುಗಳು ಗಂಟೆಗೊಮ್ಮೆ ಅದೇ ನಿಮಿಷಕ್ಕೆ ಬರುವಂತೆ ವೇಳಾಪಟ್ಟಿ ಕಟ್ಟಿದರು; ನಿಮಿಷ ಗೊತ್ತಿದ್ದರೆ ಬೆಟ್ಟದ ಬಸ್ಸನ್ನು ಅದಕ್ಕೆ ಜೋಡಿಸುವುದು ಸುಲಭ. ನಮ್ಮಲ್ಲಿ ಗಂಟೆಗೊಂದು ರೈಲಿಲ್ಲ, ಇರುವ ಕೆಲವೇ ರೈಲುಗಳಿಗೆ ಬಸ್ಸು ಹೊಂದಿಸುವುದು ಇನ್ನೂ ಸುಲಭವಾಗಬೇಕು. ಅಧಿಕಾರವೂ ದೂರದಲ್ಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 67ನೆಯ ಕಲಮಿನಲ್ಲಿ ರಸ್ತೆ-ರೈಲು ಸಮನ್ವಯದ ಆ 1939ರ ಮಾತು ಇಂದಿಗೂ ಇದೆ. 2019ರ ತಿದ್ದುಪಡಿಯಲ್ಲಿ ಸೇರಿಸಿದ 66ಎ ಕಲಮು ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಸಾರಿಗೆ ನೀತಿಯನ್ನು ರೂಪಿಸಬಹುದು ಎನ್ನುತ್ತದೆ. ರೂಪಿಸತಕ್ಕದ್ದು ಎಂದಲ್ಲ, ರೂಪಿಸಬಹುದು.

ಜಿಲ್ಲೆಯಲ್ಲಿ ಬಸ್ಸಿನ ಪರ್ಮಿಟ್, ವೇಳೆ ಎರಡನ್ನೂ ಒಪ್ಪುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ, ಕಾರ್ಯದರ್ಶಿ ಆರ್‌ಟಿಒ. ವೇಳೆ ನಿಗದಿಯ ಸಭೆ ನಡೆದರೆ ಅಲ್ಲಿ ಎರಡು ನಿಮಿಷದ ಅಂತರಕ್ಕೆ ಬಸ್ಸಿನ ಮಾಲೀಕರು ಗಂಟೆಗಟ್ಟಲೆ ವಾದಿಸುತ್ತಾರೆ, ಏಕೆಂದರೆ ಮುಂದಿನ ಬಸ್ಸಿಗಿಂತ ಎರಡು ನಿಮಿಷ ಮೊದಲು ಹೊರಟರೆ ದಾರಿಯ ಜನವೆಲ್ಲ ತಮ್ಮದು. ಆ ಮೇಜಿನ ಮೇಲೆ ಮೈಸೂರು ವಿಭಾಗದ ರೈಲು ವೇಳಾಪಟ್ಟಿಯ ಒಂದು ಪ್ರತಿ ಇಟ್ಟರೆ ಕಾನೂನು ಅಡ್ಡ ಬರುವುದಿಲ್ಲ.

ಸದ್ಯಕ್ಕೆ ಚಿಕ್ಕಮಗಳೂರು ರೈಲು ನಿಲ್ದಾಣದಲ್ಲಿ ಆ ಕೆಲಸ ಮಾಡುತ್ತಿರುವವರು ಆಟೋದವರು. ಊರಿನಿಂದ ಸ್ವಲ್ಪ ದೂರವಿರುವ ಆ ನಿಲ್ದಾಣದ ಹೊರಗೆ ಕಳೆದ ತಿಂಗಳು ಇಳಿದಾಗ, ಚಾಲಕ ನನ್ನ ಚೀಲ ಹಿಂದಕ್ಕಿಡುತ್ತ ಕೇಳಿದ ಮೊದಲ ಮಾತು ಎಲ್ಲಿಗೆ ಎಂದಲ್ಲ. "ಮೂಡಿಗೆರೆ ಬಸ್ಸೋ, ಬೇಲೂರು ಬಸ್ಸೋ ಸಾರ್? ಬೇಲೂರಾದರೆ ಹನ್ನೆರಡು ನಿಮಿಷ ಇದೆ, ಹತ್ತಿ" ಎಂದ.